ನಕಲು ಬೇರೆ ಮನೆಯಲ್ಲಿರಲಿ

ಮಾನ್ಯ ಸಂಪಾದಕರೇ,

ಅಂಗಡಿ, ಮಂಡಿಗಳ ಲೆಕ್ಕವೆಲ್ಲ ಕಂಪ್ಯೂಟರಿಗೆ ಬರಬೇಕು, ಪುಸ್ತಕದ ಕಾಲ ಮುಗಿಯಿತು ಎನ್ನುವ ಮಾತನ್ನು ಪತ್ರಿಕೆಗಳ ವಾಣಿಜ್ಯ ಪುಟದಲ್ಲಿ ಆಗಾಗ ಓದುತ್ತೇನೆ. ನನ್ನದೇನೂ ತಕರಾರಿಲ್ಲ. ನಾನು ಶಿವಮೊಗ್ಗದ ಒಂದು ಅಡಿಕೆ ಮಂಡಿಯಲ್ಲಿ 22 ವರ್ಷದಿಂದ ಲೆಕ್ಕ ಬರೆಯುವವಳು. ಮೊದಲ ಎಂಟು ವರ್ಷ ಕಿರ್ದಿ ಮತ್ತು ಖಾತೆ ಪುಸ್ತಕ, ಆಮೇಲೆ ಹದಿನಾಲ್ಕು ವರ್ಷ ಕಂಪ್ಯೂಟರ್. ಹೀಗೆ ಕಂಪ್ಯೂಟರಿಗೆ ಬಂದ ಲೆಕ್ಕ ಒಂದು ಬೆಳಗ್ಗೆ ಅಲ್ಲಿ ಇಲ್ಲದೇ ಹೋದರೆ ಏನು ಗತಿ ಅಂತ ಮಾತ್ರ ನಾನು ಎಲ್ಲೂ ಓದಿಲ್ಲ. ನಮಗೆ ಹಾಗಾಯಿತು. ಅದಕ್ಕೇ ಈ ಪತ್ರ. ಉದ್ದವಾಗಿದೆ, ಕ್ಷಮಿಸಿ. ಕತ್ತರಿಸುವುದಾದರೆ ನನ್ನ ಕಥೆಯನ್ನು ಕತ್ತರಿಸಿ, ಕೊನೆಯಲ್ಲಿ ಕೇಳಿರುವುದನ್ನು ಬಿಡಬೇಡಿ.

ಎರಡು ವರ್ಷದ ಹಿಂದಿನ ಫೆಬ್ರವರಿ, ಸೋಮವಾರ. ಕೊಯ್ಲು ಮುಗಿದು, ಬೇಯಿಸಿ ಒಣಗಿಸಿದ ಹೊಸ ಅಡಿಕೆ ಮಂಡಿಗೆ ಬರುವ ದಿನಗಳು. ಬಾಗಿಲಲ್ಲಿ ಹೊಸನಗರದ ಕಡೆಯ ಎರಡು ಪಿಕಪ್ ನಿಂತಿದ್ದವು. ಕಂಪ್ಯೂಟರ್ ಆನ್ ಮಾಡಿ, ದೇವರ ಫೋಟೋಗೆ ಊದುಬತ್ತಿ ಹಚ್ಚಿ ಬಂದು ಕೂತೆ. ಪರದೆಯ ಮೇಲಿದ್ದ ಫೈಲುಗಳ ಗುರುತೆಲ್ಲ ಖಾಲಿ ಬಿಳಿ ಹಾಳೆಯಾಗಿದ್ದವು. ಒಂದೊಂದರ ಹೆಸರಿನ ಕೊನೆಗೂ ಅರ್ಥವಿಲ್ಲದ ಆರೇಳು ಅಕ್ಷರದ ಬಾಲ. ಲೆಕ್ಕದ ಸಾಫ್ಟ್‌ವೇರ್ ತೆರೆಯಿತು, ಒಳಗೆ ಕಂಪನಿಯೇ, ಅಂದರೆ ನಮ್ಮ ಮಂಡಿಯ ಲೆಕ್ಕದ ಕಡತವೇ, ಇಲ್ಲ ಎಂದಿತು. ನಡುವೆ ಇಂಗ್ಲಿಷಿನ ಒಂದು ಚೀಟಿ ಇತ್ತು. ನಿಮ್ಮ ಫೈಲುಗಳಿಗೆ ಬೀಗ ಹಾಕಿದ್ದೇವೆ, ಕೀಲಿ ಬೇಕಾದರೆ ಬಿಟ್‌ಕಾಯಿನ್‌ನಲ್ಲಿ ದುಡ್ಡು ಕೊಡಿ, ತಡ ಮಾಡಿದರೆ ದರ ಎರಡು ಪಟ್ಟು ಅಂತ.

ಇದಕ್ಕೆ ರ‍್ಯಾನ್ಸಮ್‌ವೇರ್ ಎನ್ನುತ್ತಾರೆ ಎಂದು ಆಮೇಲೆ ತಿಳಿಯಿತು. ಆ ಗಳಿಗೆಯಲ್ಲಿ ನನಗೆ ತೋಚಿದ್ದು ಒಂದೇ. ಬೆಳಿಗ್ಗೆ ಬಂದವರಿಗೆ ಏನು ಹೇಳಲಿ?

ಅಡಿಕೆ ಮಂಡಿಯ ಲೆಕ್ಕ ಕಿರಾಣಿ ಅಂಗಡಿಯ ಲೆಕ್ಕದಂತಲ್ಲ. ರೈತ ಅಡಿಕೆ ತಂದು ಇಳಿಸಿದ ದಿನವೇ ಮಾರುವುದಿಲ್ಲ. ದರ ಏರಲಿ ಎಂದು ತಿಂಗಳುಗಟ್ಟಲೆ ನಮ್ಮ ಗೋದಾಮಿನಲ್ಲೇ ಇಡುತ್ತಾನೆ. ನಡುವೆ ಮಗಳ ಮದುವೆಗೆ, ಔಷಧಿ ಹೊಡೆಸಲಿಕ್ಕೆ, ಆಸ್ಪತ್ರೆಗೆ ಅಂತ ಮುಂಗಡ ಒಯ್ಯುತ್ತಾನೆ. ರಾಶಿ, ಬೆಟ್ಟೆ, ಗೊರಬಲು ಎಂದರೆ ಅಡಿಕೆಯ ಬಗೆಗಳು. ಯಾರ ರಾಶಿ ಎಷ್ಟು ಚೀಲ, ಯಾರ ಬೆಟ್ಟೆ ಎಷ್ಟು, ಯಾರ ಗೊರಬಲು ಇನ್ನೂ ಮಾರಾಟದ ಟೆಂಡರಿಗೆ ಇಟ್ಟಿಲ್ಲ, ಯಾರು ಯಾವ ಹಬ್ಬಕ್ಕೆ ಎಷ್ಟು ಒಯ್ದರು, ಇದೇ ನಮ್ಮ ಲೆಕ್ಕ. ಆರುನೂರಕ್ಕೂ ಜಾಸ್ತಿ ರೈತರ ಖಾತೆ ಆ ಒಂದು ಡಬ್ಬಿಯೊಳಗಿತ್ತು. ಆಯುಧ ಪೂಜೆಗೆ ಅದಕ್ಕೆ ಕುಂಕುಮ ಹಚ್ಚಿ ಬೂದುಗುಂಬಳ ಒಡೆದಿದ್ದೆವು. ಕುಂಕುಮ ಇನ್ನೂ ಹಾಗೇ ಇತ್ತು.

ನಮ್ಮ ಹತ್ತಿರ ಬ್ಯಾಕಪ್, ಅಂದರೆ ಲೆಕ್ಕದ ನಕಲು, ಇರಲಿಲ್ಲ ಅಂದುಕೊಳ್ಳಬೇಡಿ. ಒಂದಲ್ಲ, ಮೂರು ಇದ್ದವು. ನನಗೆ ಇವತ್ತಿಗೂ ಹೊಟ್ಟೆ ಉರಿಯುವುದು ಅದಕ್ಕೇ.

ಮೊದಲನೆಯದು, ಕಂಪ್ಯೂಟರಿನ ಹಿಂದೆ ಚುಚ್ಚಿದ್ದ ಹಾರ್ಡ್ ಡಿಸ್ಕ್. ದಿನಾ ಸಂಜೆ ತಾನಾಗಿ ನಕಲಾಗುತ್ತಿತ್ತು. ಅದನ್ನು ಒಂದು ದಿನವೂ ಕಿತ್ತಿಡಲಿಲ್ಲ, ಯಾಕೆ ಕೀಳಬೇಕು ಅಂತಲೂ ಗೊತ್ತಿರಲಿಲ್ಲ. ಬೀಗ ಹಾಕಿದವನಿಗೆ ಅದೂ ಕಂಪ್ಯೂಟರಿನ ಇನ್ನೊಂದು ಕೋಣೆ ಅಷ್ಟೆ. ಒಳಗೆ ಬಂದ ಕಳ್ಳ ಬಾಗಿಲು ತೆರೆದಿರುವ ಕೋಣೆ ಬಿಡುತ್ತಾನೆಯೇ? ಎರಡನೆಯದು ಕ್ಲೌಡ್. ಒಂದು ಫೋಲ್ಡರಿನಲ್ಲಿ ಏನಿಟ್ಟರೂ ಇಂಟರ್‌ನೆಟ್ಟಿನಲ್ಲಿ ಇನ್ನೊಂದು ಪ್ರತಿ ಇರುತ್ತದೆ ಎಂದು ಸಾಫ್ಟ್‌ವೇರ್ ಹುಡುಗ ಹೇಳಿದ್ದ. ಇತ್ತು, ಸುಳ್ಳಲ್ಲ. ಆದರೆ ಅದು ಕನ್ನಡಿ. ಮುಖಕ್ಕೆ ಮಸಿ ಬಡಿದರೆ ಕನ್ನಡಿಯಲ್ಲೂ ಮಸಿಯೇ ಕಾಣುತ್ತದೆ. ಶನಿವಾರ ರಾತ್ರಿ ಇಲ್ಲಿ ಫೈಲುಗಳಿಗೆ ಬೀಗ ಬಿದ್ದಂತೆ ಅಲ್ಲಿಗೂ ಬೀಗ ಬಿದ್ದ ಫೈಲುಗಳೇ ಹೋಗಿ ಕೂತವು. ಹಿಂದಿನ ಪ್ರತಿಗಳನ್ನು ಕೆಲವು ದಿನ ಉಳಿಸಿಕೊಡುವ ಸೌಲಭ್ಯ ಇಂಥ ಸೇವೆಗಳಲ್ಲಿ ಇರುತ್ತದೆ. ಕಂಪ್ಯೂಟರಿನಿಂದಲೇ ಆ ಖಾತೆಗೆ ಸೀದಾ ಹೋಗಬಹುದಿತ್ತಲ್ಲ, ಬಂದವರು ಅದನ್ನೂ ಅಳಿಸಿಯೇ ಹೋಗಿದ್ದರು. ಮೂರನೆಯದು ನಮ್ಮ ಸಾಹುಕಾರ್ರ ಬೀರುವಿನಲ್ಲಿದ್ದ ಪೆನ್ ಡ್ರೈವ್. ಕಳ್ಳನಿಗೆ ಅದು ಸಿಗಲಿಲ್ಲ. ಆದರೆ ಅದರಲ್ಲಿದ್ದ ಲೆಕ್ಕ ಹನ್ನೊಂದು ತಿಂಗಳು ಹಳೆಯದು.

ಇವರು ಒಳಗೆ ಬಂದದ್ದು ಹೇಗೆ? ಸಾಫ್ಟ್‌ವೇರ್ ಹುಡುಗ ಮನೆಯಲ್ಲೇ ಕೂತು ರಿಪೇರಿ ಮಾಡಲಿಕ್ಕೆ ಅಂತ, ಇಂಟರ್‌ನೆಟ್ಟಿನ ಮೂಲಕ ದೂರದಿಂದಲೇ ನಮ್ಮ ಕಂಪ್ಯೂಟರಿಗೆ ಬರುವ ರಿಮೋಟ್ ಬಾಗಿಲು ಸದಾ ತೆರೆದೇ ಇಟ್ಟಿದ್ದ. ಪಾಸ್‌ವರ್ಡ್ ಮಂಡಿಯ ಹೆಸರು, ಮುಂದೆ 123. ಇಂಥ ಬಾಗಿಲುಗಳನ್ನು ಹುಡುಕುವುದಕ್ಕೇ ಯಂತ್ರಗಳಿವೆ, ಹಗಲೂ ರಾತ್ರಿ ಒಂದೊಂದೇ ಪಾಸ್‌ವರ್ಡ್ ತಿರುಗಿಸಿ ನೋಡುತ್ತವೆ ಎಂದು ನನ್ನ ಅಕ್ಕನ ಮಗ ಹೇಳಿದ. ಅವನು ಬೆಂಗಳೂರಿನಲ್ಲಿ ಸರ್ವರ್, ಅಂದರೆ ಬೇರೆ ಕಂಪ್ಯೂಟರುಗಳಿಗೆ ಸೇವೆ ಕೊಡುವ ಯಂತ್ರ, ನೋಡಿಕೊಳ್ಳುವ ಕೆಲಸದಲ್ಲಿದ್ದಾನೆ. ಹುಡುಗನನ್ನು ಒಬ್ಬನನ್ನೇ ಬೈದು ಏನು ಮಾಡುವುದು? ಆ ಪಾಸ್‌ವರ್ಡ್ ಇಟ್ಟವಳು ನಾನೇ.

ದುಡ್ಡು ಕೊಟ್ಟುಬಿಡೋಣ್ವಾ ಅಂತ ಸಾಹುಕಾರ್ರು ಕೇಳಿದರು. ಕೊಟ್ಟರೂ ಕೀಲಿ ಬರುತ್ತದೆ ಎಂದು ನಂಬುವ ಹಾಗಿಲ್ಲ, ಬಂದರೂ ಎಲ್ಲ ಫೈಲೂ ಸರಿಯಾಗಿ ತೆರೆಯುತ್ತದೆ ಎಂದಿಲ್ಲ ಎಂದ ಅಕ್ಕನ ಮಗ. ಡಚ್ ಪೊಲೀಸರು, ಯುರೋಪಿನ ಪೊಲೀಸ್ ಸಂಸ್ಥೆ ಯುರೋಪೋಲ್ ಮತ್ತು ಎರಡು ಆಂಟಿವೈರಸ್ ಕಂಪನಿಗಳು ಸೇರಿ 2016ರಲ್ಲಿ ಶುರು ಮಾಡಿದ 'ನೋ ಮೋರ್ ರ‍್ಯಾನ್ಸಮ್' ಎಂಬ ಜಾಲತಾಣವಿದೆ. ಮುರಿದ ಬೀಗಗಳ ಕೀಲಿಯನ್ನು ಅಲ್ಲಿ ಪುಕ್ಕಟೆ ಇಟ್ಟಿರುತ್ತಾರೆ. ನಮ್ಮ ಬೀಗದ ಕೀಲಿ ಅಲ್ಲಿರಲಿಲ್ಲ. ಸೈಬರ್ ಅಪರಾಧ ನೋಡುವ ಸಿಇಎನ್ ಠಾಣೆಗೆ ದೂರು ಕೊಟ್ಟೆವು. ದುಡ್ಡು ಕೊಡಲಿಲ್ಲ.

ಆವತ್ತು ತೂಕ ಮಾತ್ರ ನಿಲ್ಲಿಸಲಿಲ್ಲ. ಎದುರಿನ ಅಂಗಡಿಯಿಂದ ಇನ್ನೂರು ಪುಟದ ನೋಟ್ ಬುಕ್ ತರಿಸಿ, ಗೆರೆ ಹಾಕಿ, ಹಳೆಯ ಕಾಲದ ಹಾಗೆ ಜಮಾ ಖರ್ಚು ಬರೆಯತೊಡಗಿದೆ. ಕೈ ಮರೆತಿರಲಿಲ್ಲ.

ಇನ್ನು ಹಿಂದಿನ ಹನ್ನೊಂದು ತಿಂಗಳು. ನಾವು ಮಾರಿದ್ದರ ಬಿಲ್ಲುಗಳು ಜಿಎಸ್‌ಟಿ ಪೋರ್ಟಲಿನಲ್ಲಿ ಸಿಕ್ಕವು. ಬ್ಯಾಂಕಿನ ಮೂಲಕ ಕೊಟ್ಟದ್ದು ಬ್ಯಾಂಕಿನ ಸ್ಟೇಟ್‌ಮೆಂಟಿನಲ್ಲಿತ್ತು. ಗೋದಾಮಿನಲ್ಲಿ ಇಬ್ಬರು ಹಮಾಲರ ಜೊತೆ ನಿಂತು, ಚೀಲದ ಮೇಲೆ ಬಣ್ಣದಲ್ಲಿ ಬರೆದ ಹೆಸರಿನ ಗುರುತು ಓದಿ ಓದಿ ದಾಸ್ತಾನು ಬರೆದುಕೊಂಡೆವು. ಕೆಲವು ಚೀಲದ ಅಕ್ಷರ ಇಲಿ ತಿಂದಿತ್ತು. ಸಿಗದೇ ಹೋದದ್ದು ಕೈಯಲ್ಲಿ ಕೊಟ್ಟ ಮುಂಗಡ. ವೋಚರ್ ಸಹಿ ಹಾಕಿಸಿ ತಂತಿಗೆ ಚುಚ್ಚುವ ಅಭ್ಯಾಸವನ್ನು, ಕಂಪ್ಯೂಟರಿನಲ್ಲಿ ಇದೆಯಲ್ಲ ಅಂತ ಮೂರು ವರ್ಷದ ಹಿಂದೆ ನಾನೇ ಬಿಡಿಸಿದ್ದೆ.

ರೈತರಿಗೇ ಫೋನ್ ಮಾಡಿದೆವು. ಪಟ್ಟಿ, ಚೀಟಿ ಏನಿದ್ದರೂ ತನ್ನಿ ಅಂತ. ತೀರ್ಥಹಳ್ಳಿ ಕಡೆಯ ಒಬ್ಬ ಹಿರಿಯರು ಒಂಬತ್ತು ವರ್ಷದ ಪಟ್ಟಿಗಳನ್ನು ಯೂರಿಯಾ ಚೀಲದ ಒಳಗಿನ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಅಟ್ಟದಿಂದ ಇಳಿಸಿ ತಂದರು. ಹೊಗೆಯ ವಾಸನೆ. ಒಂದೂ ತಪ್ಪಿರಲಿಲ್ಲ. ಇನ್ನೊಬ್ಬರು, "ಅಕ್ಕೋರೆ, ನಾನು ಒಯ್ದದ್ದು ನಲವತ್ತಲ್ಲ, ಅರವತ್ತು ಸಾವಿರ" ಎಂದು ತಾವಾಗಿಯೇ ತಿದ್ದಿದರು. ಎಲ್ಲರೂ ಹಾಗಿರುವುದಿಲ್ಲವಲ್ಲ. ಎಲ್ಲ ತೀರಿದೆ ಎಂದವರೂ ಇದ್ದರು. ತೋರಿಸಲಿಕ್ಕೆ ನಮ್ಮ ಕೈಯಲ್ಲಿ ಕಾಗದವಿರಲಿಲ್ಲ. ಸುಳ್ಳು ಎಂದು ಹೇಳುವ ಹಾಗೂ ಇಲ್ಲ, ಮರೆತಿರಬಹುದು. ಒಟ್ಟು 47 ದಿನ ಹಿಡಿಯಿತು. ಸಾಹುಕಾರ್ರು ಮೂರು ಲಕ್ಷ ಎಂಬತ್ತು ಸಾವಿರ ಬಿಟ್ಟುಕೊಟ್ಟರು. ಹದಿನಾಲ್ಕು ವರ್ಷದ ನಮ್ಮ ಲೆಕ್ಕ ಒಂದು ಸಿನಿಮಾದಷ್ಟು ಜಾಗವನ್ನೂ ತಿನ್ನುವುದಿಲ್ಲ. ನಾಲ್ಕೂವರೆ ಸಾವಿರದ ಒಂದು ಡಿಸ್ಕಿಗೆ ನಕಲು ಮಾಡಿ, ತಂತಿ ಕಿತ್ತು ಮನೆಗೆ ಒಯ್ದಿದ್ದರೆ ಇಷ್ಟೂ ತಪ್ಪುತ್ತಿತ್ತು.

ಇದು ಬರೀ ಸಣ್ಣವರ ಪಾಡಲ್ಲ. ಡೆನ್ಮಾರ್ಕಿನ ಮೇರ್ಸ್ಕ್ ಕಂಪನಿ ಕೇಳಿರಬಹುದು, ಹಡಗಿನಲ್ಲಿ ಕಂಟೇನರ್ ಸಾಗಿಸುವವರು. 2017ರ ಜೂನ್ 27ರಂದು ನಾಟ್‌ಪೆಟ್ಯಾ ಎಂಬ ವೈರಸ್ ಅವರ ಕಂಪ್ಯೂಟರುಗಳನ್ನು ನುಂಗಿತು. ದುಡ್ಡು ಕೇಳುವ ಚೀಟಿ ಅದರಲ್ಲೂ ಇತ್ತು, ಆದರೆ ಕೊಟ್ಟರೂ ಬಿಡಿಸುವ ದಾರಿ ಇರಲಿಲ್ಲ. ಇಡೀ ಜಾಲದಲ್ಲಿ ಯಾರು ಯಾರು, ಯಾರಿಗೆ ಯಾವ ಬಾಗಿಲು ತೆರೆಯಬೇಕು ಎಂಬ ಮೂಲ ಪಟ್ಟಿ ಇಟ್ಟ ಸುಮಾರು 150 ಸರ್ವರ್‌ಗಳಿದ್ದವು. ಒಂದು ಹೋದರೆ ಇನ್ನೊಂದರಿಂದ ತುಂಬಿಕೊಳ್ಳಬಹುದು ಎಂಬ ಲೆಕ್ಕಾಚಾರ. ಒಂದಕ್ಕೊಂದು ತಂತಿಯಲ್ಲಿ ಸೇರಿಕೊಂಡಿದ್ದರಿಂದ ಎಲ್ಲವೂ ಒಟ್ಟಿಗೇ ಹೋದವು. ಘಾನಾ ದೇಶದ ಕಚೇರಿಯ ಒಂದು ಮಾತ್ರ ಉಳಿಯಿತು. ಯಾಕೆ ಗೊತ್ತಾ? ವೈರಸ್ ಬಂದ ಹೊತ್ತಿಗೆ ಅಲ್ಲಿ ಕರೆಂಟ್ ಹೋಗಿತ್ತು! ಅಲ್ಲಿನ ಇಂಟರ್‌ನೆಟ್ ನಿಧಾನ ಅಂತ ಆ ಡಿಸ್ಕನ್ನು ಮನುಷ್ಯರು ಕೈಯಲ್ಲಿ ಹಿಡಿದು, ನೈಜೀರಿಯಾದಲ್ಲಿ ಕೈ ಬದಲಿಸಿ, ವಿಮಾನದಲ್ಲಿ ಇಂಗ್ಲೆಂಡಿಗೆ ಮುಟ್ಟಿಸಿದರು. ಸುಮಾರು 4,000 ಸರ್ವರ್, 45,000 ಕಂಪ್ಯೂಟರುಗಳನ್ನು ಹೊಸದಾಗಿ ಕಟ್ಟಬೇಕಾಯಿತು. ಮಳೆಗಾಲದಲ್ಲಿ ಕರೆಂಟ್ ಹೋದಾಗಲೆಲ್ಲ ಬೈಯುವ ನಮಗೆ ಈ ಕಥೆ ಕೇಳಿ ನಗು ಬಂತು. ಅಷ್ಟು ದೊಡ್ಡ ಕಂಪನಿಯನ್ನು ಕಾಪಾಡಿದ್ದು ತಂತಿಯಿಂದ ಕಳಚಿಕೊಂಡಿದ್ದ ಒಂದು ಪ್ರತಿ. ಅದೂ ಯಾರೋ ಯೋಚಿಸಿ ಕಳಚಿದ್ದಲ್ಲ.

ನಮ್ಮದೆಲ್ಲ ದೊಡ್ಡ ಕಂಪನಿಯ ಸರ್ವರಿನಲ್ಲಿದೆ, ಅವರು ನೋಡಿಕೊಳ್ಳುತ್ತಾರೆ ಎನ್ನುವವರು ಈಗ ಜಾಸ್ತಿ. ನನ್ನ ತಮ್ಮನೂ ಹಾಗೇ ಅಂದುಕೊಂಡಿದ್ದ. ಸಾಗರದ ಹತ್ತಿರ ಸಣ್ಣ ಹೋಂಸ್ಟೇ ನಡೆಸುತ್ತಾನೆ. ಬುಕಿಂಗ್, ಬಂದವರ ಫೋನ್ ನಂಬರ್, ಫೋಟೋ ಎಲ್ಲ ಅವನ ಜಾಲತಾಣದಲ್ಲಿ. ಅದನ್ನು ಇಟ್ಟುಕೊಂಡಿದ್ದ ಹೋಸ್ಟಿಂಗ್ ಕಂಪನಿಯ ಯಂತ್ರ ಒಂದು ದಿನ ಕೆಟ್ಟಿತು. ಬ್ಯಾಕಪ್ ಎಲ್ಲಿ ಎಂದರೆ, ಅದೇ ಯಂತ್ರದಲ್ಲಿತ್ತು ಸಾರ್ ಎಂದರಂತೆ. ಒಪ್ಪಂದದ ಸಣ್ಣ ಅಕ್ಷರದಲ್ಲಿ, ಡೇಟಾದ ಪ್ರತಿ ಇಟ್ಟುಕೊಳ್ಳುವುದು ಗ್ರಾಹಕರ ಹೊಣೆ ಎಂದು ಬರೆದೇ ಇತ್ತು. ಯಾರು ಓದುತ್ತಾರೆ, ಹೇಳಿ.

2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿ ಒವಿಎಚ್ ಎಂಬ ಕಂಪನಿಯ, ಗ್ರಾಹಕರ ಮಾಹಿತಿಯ ಸರ್ವರುಗಳನ್ನು ಇಡುವ ಡೇಟಾ ಸೆಂಟರಿನ ಒಂದು ಕಟ್ಟಡ ಪೂರ್ತಿ ಸುಟ್ಟುಹೋಯಿತು. ಲಕ್ಷಾಂತರ ಜಾಲತಾಣಗಳು ನಿಂತವು. ದುಡ್ಡು ಕೊಟ್ಟು ಬ್ಯಾಕಪ್ ಸೇವೆ ಕೊಂಡಿದ್ದವರಲ್ಲೂ ಕೆಲವರಿಗೆ ಏನೂ ಸಿಗಲಿಲ್ಲ, ಅವರ ನಕಲೂ ಅದೇ ಕಟ್ಟಡದಲ್ಲಿತ್ತು. ಅಂಥ ಒಬ್ಬ ಗ್ರಾಹಕರಿಗೆ ಕಂಪನಿ ಪರಿಹಾರ ಕೊಡಬೇಕೆಂದು ಅಲ್ಲಿನ ನ್ಯಾಯಾಲಯ 2023ರಲ್ಲಿ ಹೇಳಿತು. ಪರಿಹಾರ ಬರಬಹುದು, ಹೋದ ಲೆಕ್ಕ ಬರುತ್ತದೆಯೇ? ಅದೇ ವರ್ಷ ಆಗಸ್ಟ್‌ನಲ್ಲಿ ಡೆನ್ಮಾರ್ಕಿನ ಕ್ಲೌಡ್‌ನಾರ್ಡಿಕ್ ಎಂಬ ಹೋಸ್ಟಿಂಗ್ ಕಂಪನಿಗೆ ಎರಡೂ ಕಷ್ಟ ಒಟ್ಟಿಗೇ ಬಂತು. ರ‍್ಯಾನ್ಸಮ್‌ವೇರ್ ಅವರ ಸರ್ವರಿಗೂ ಹೊಕ್ಕಿತು, ಬ್ಯಾಕಪ್‌ಗೂ ಹೊಕ್ಕಿತು. ಹೆಚ್ಚಿನ ಗ್ರಾಹಕರ ಎಲ್ಲವೂ ಹೋಯಿತು ಎಂದು ಕಂಪನಿಯೇ ಬರೆದು ತಿಳಿಸಿತು. ತಮ್ಮದೇ ಒಂದು ಪ್ರತಿ ಬೇರೆ ಕಡೆ ಇಟ್ಟುಕೊಂಡಿದ್ದವರು ಬದುಕಿಕೊಂಡರು.

ಅಷ್ಟು ದೂರ ಯಾಕೆ? 2024ರ ಜುಲೈ ಕೊನೆಯಲ್ಲಿ ಸಿ-ಎಡ್ಜ್ ಎಂಬ ಒಂದೇ ತಂತ್ರಜ್ಞಾನ ಕಂಪನಿಗೆ ರ‍್ಯಾನ್ಸಮ್‌ವೇರ್ ಬಡಿದಾಗ, ಅದನ್ನು ನೆಚ್ಚಿಕೊಂಡಿದ್ದ ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಪಾವತಿ ನಿಂತಿತು. ಸಹಕಾರಿ ಬ್ಯಾಂಕು, ಗ್ರಾಮೀಣ ಬ್ಯಾಂಕುಗಳೇ ಅವು. ಅಲ್ಲಿ ಖಾತೆ ಇಡುವವರು ನಮ್ಮ ರೈತರಂಥವರು. ಬೇಗ ಸರಿಹೋಯಿತು, ಸಂತೋಷ.

ಈಗ ನಾವು ಏನು ಮಾಡುತ್ತಿದ್ದೇವೆ ಎಂದು ಹೇಳುತ್ತೇನೆ. ಎರಡು ಹಾರ್ಡ್ ಡಿಸ್ಕ್ ಇವೆ. ಒಂದಕ್ಕೆ ಅರಿಶಿನ ಬಣ್ಣದ ದಾರ, ಇನ್ನೊಂದಕ್ಕೆ ಕೆಂಪು ದಾರ ಕಟ್ಟಿದ್ದೇನೆ. ಒಂದು ಮಂಡಿಯ ತಿಜೋರಿಯಲ್ಲಿ, ಇನ್ನೊಂದು ವಿನೋಬನಗರದ ನಮ್ಮ ಮನೆಯ ಬೀರುವಿನಲ್ಲಿ, ಸೀರೆಗಳ ನಡುವೆ. ಸಂಜೆ ಮಂಡಿಯದನ್ನು ಚುಚ್ಚಿ, ನಕಲಾದ ತಕ್ಷಣ ಕಿತ್ತು ತಿಜೋರಿಗೆ. ಸೋಮವಾರ, ಗುರುವಾರ ಅದಲು ಬದಲು. ಎರಡೂ ಒಟ್ಟಿಗೆ ಕಂಪ್ಯೂಟರಿಗೆ ಸೇರುವಂತಿಲ್ಲ. ಇದಲ್ಲದೆ ವಾರಕ್ಕೊಮ್ಮೆ ಇಂಟರ್‌ನೆಟ್ಟಿನ ಇನ್ನೊಂದು ಕಡೆಗೂ ಒಂದು ಪ್ರತಿ ಹೋಗುತ್ತದೆ. ಆ ಖಾತೆಯ ಪಾಸ್‌ವರ್ಡ್ ಮಂಡಿಯ ಕಂಪ್ಯೂಟರಿನಲ್ಲಿ ಉಳಿಸಿಲ್ಲ. ಹಾಕಿದ್ದನ್ನು ಮೂವತ್ತು ದಿನ ಯಾರೂ, ನಾನೂ ಸೇರಿ, ಅಳಿಸಲಾಗದಂತೆ ಅಕ್ಕನ ಮಗ ಕಟ್ಟುಮಾಡಿದ್ದಾನೆ. ಅಸಲು ಸೇರಿ ಕನಿಷ್ಠ ಮೂರು ಪ್ರತಿ, ಎರಡು ಬಗೆಯ ಜಾಗ, ಒಂದು ಬೇರೆ ಊರಲ್ಲಿ ಅಥವಾ ಬೇರೆ ಮನೆಯಲ್ಲಿ. ಈ ಲೈನಿನವರು ಇದಕ್ಕೆ 3-2-1 ಎನ್ನುತ್ತಾರಂತೆ. ರಿಮೋಟ್ ಬಾಗಿಲನ್ನೂ ಮುಚ್ಚಿಸಿದೆ. ಹುಡುಗನಿಗೆ ಬೇಕಾದಾಗ ಫೋನ್ ಮಾಡುತ್ತಾನೆ, ತೆರೆಯುತ್ತೇನೆ, ಮುಗಿದ ಮೇಲೆ ಮುಚ್ಚುತ್ತೇನೆ.

ಎಲ್ಲಕ್ಕಿಂತ ನನಗೆ ಮುಖ್ಯವಾದದ್ದು ಅಮಾವಾಸ್ಯೆಯ ಪರೀಕ್ಷೆ. ಅಮಾವಾಸ್ಯೆ ದಿನ ಮಂಡಿಯಲ್ಲಿ ಪೂಜೆ, ವ್ಯವಹಾರ ಕಡಿಮೆ. ಆವತ್ತು ಒಂದು ಹಳೆಯ ಲ್ಯಾಪ್‌ಟಾಪಿನಲ್ಲಿ ಬ್ಯಾಕಪ್ ತೆರೆದು, ಕಣ್ಣು ಮುಚ್ಚಿ ಮೂರು ರೈತರ ಖಾತೆ ಆರಿಸಿ, ತಂತಿಗೆ ಚುಚ್ಚಿದ ವೋಚರಿನ ಜೊತೆ ತಾಳೆ ನೋಡುತ್ತೇನೆ. ಹೌದು, ತಂತಿ ವಾಪಸ್ ಬಂದಿದೆ. ಇದು ಅತಿಯಾಯಿತು ಎಂದು ನಮ್ಮ ಹುಡುಗರು ನಗುತ್ತಾರೆ. ಗಿಟ್‌ಲ್ಯಾಬ್ ಎಂಬ, ಸಾಫ್ಟ್‌ವೇರ್ ಬರೆಯುವವರಿಗೇ ಸೇವೆ ಕೊಡುವ ಕಂಪನಿಯಲ್ಲಿ 2017ರ ಜನವರಿ 31ರಂದು ಒಬ್ಬ ಕೆಲಸಗಾರ ತಪ್ಪಿ ಅಸಲು ಡೇಟಾವನ್ನೇ ಅಳಿಸಿಬಿಟ್ಟ. ಐದು ಬಗೆಯ ಬ್ಯಾಕಪ್ ವ್ಯವಸ್ಥೆ ಇತ್ತಂತೆ, ಬೇಕಾದಾಗ ಒಂದನ್ನೂ ನೆಚ್ಚುವ ಹಾಗಿರಲಿಲ್ಲ. ಆರು ಗಂಟೆ ಮೊದಲು ಬೇರೆ ಯಾವುದೋ ಕೆಲಸಕ್ಕೆ ತೆಗೆದಿಟ್ಟ ಒಂದು ಪ್ರತಿ ಅವರನ್ನು ಉಳಿಸಿತು. ಹೋದ ಅಮಾವಾಸ್ಯೆಗೆ ನನ್ನ ಪರೀಕ್ಷೆಯೂ ಫೇಲಾಯಿತು. ಕೆಂಪು ದಾರದ ಡಿಸ್ಕಿನಲ್ಲಿ ಹನ್ನೊಂದು ದಿನದ ಲೆಕ್ಕ ಇರಲಿಲ್ಲ. ಧಾರವಾಡದಲ್ಲಿ ಮದುವೆಗೆಂದು ಹೋದವಳು ಅದಲು ಬದಲು ಮಾಡುವುದನ್ನು ಯಾರಿಗೂ ವಹಿಸಿರಲಿಲ್ಲ. ಈಗ ಆ ಕೆಲಸ ಗೊತ್ತಿರುವವರು ಇಬ್ಬರಿದ್ದೇವೆ.

ಇದೆಲ್ಲ ಬಯಸಿದರೆ ಮಾಡುವ ಕೆಲಸ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಲೆಕ್ಕವನ್ನು ಕಂಪ್ಯೂಟರಿನಲ್ಲಿಟ್ಟರೆ ಸರಿಯಾದ ಬ್ಯಾಕಪ್ ಇರಬೇಕು, ಅವಘಡವಾದರೆ ತಕ್ಕ ಸಮಯದೊಳಗೆ ಮಾಹಿತಿ ವಾಪಸ್ ಸಿಗುವಂತಿರಬೇಕು ಎಂದು ಜಿಎಸ್‌ಟಿ ನಿಯಮ 57ರಲ್ಲೇ ಇದೆ. ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆ ದಿನದಿಂದ 72 ತಿಂಗಳು ಲೆಕ್ಕ ಉಳಿಸಿಕೊಳ್ಳಬೇಕು. ಕಂಪನಿಗಳಿಗಂತೂ ದಿನಾ ಬ್ಯಾಕಪ್ ಮಾಡಿ ಭಾರತದೊಳಗಿನ ಸರ್ವರಿನಲ್ಲಿ ಇಡಬೇಕೆಂದು 2022ರಿಂದ ನಿಯಮವಿದೆ. ಇಷ್ಟು ವರ್ಷ ರಿಟರ್ನ್ ತುಂಬಿದ ನಾನೇ ನಿಯಮ 57 ಓದಿದ್ದು ಎಲ್ಲ ಕಳೆದುಕೊಂಡ ಮೇಲೆ.

ನನ್ನ ಕೋರಿಕೆ ಇಷ್ಟು. ಲೆಕ್ಕದ ಸಾಫ್ಟ್‌ವೇರ್ ಮಾರುವವರು ವರ್ಷಕ್ಕೊಮ್ಮೆ ಸೇವಾ ಶುಲ್ಕ ತೆಗೆದುಕೊಳ್ಳಲು ಬರುತ್ತಾರಲ್ಲ, ಆವತ್ತು ಬ್ಯಾಕಪ್‌ನಿಂದ ಒಂದು ಖಾತೆ ತೆರೆದು ತೋರಿಸಿದ ಮೇಲೆಯೇ ನಾವು ದುಡ್ಡು ಕೊಡೋಣ. ಎಪಿಎಂಸಿಯವರು, ವರ್ತಕರ ಸಂಘದವರು ಒಂದು ಮಧ್ಯಾಹ್ನ ನಮ್ಮಂಥ ಲೆಕ್ಕದವರನ್ನು ಕೂರಿಸಿಕೊಂಡು ಡಿಸ್ಕ್ ಕೀಳುವುದನ್ನು ಹೇಳಿಕೊಡಲಿ. ಯಜಮಾನರನ್ನು ಕರೆದು ಉಪಯೋಗವಿಲ್ಲ, ಅವರು ಭಾಷಣ ಕೇಳಿ ಊಟ ಮಾಡಿ ಬರುತ್ತಾರೆ. ನಿಮ್ಮ ವಾಣಿಜ್ಯ ಪುಟದಲ್ಲಿ ದಿನಾ ಅಡಿಕೆ ಧಾರಣೆ ಹಾಕುತ್ತೀರಿ, ನಾವೆಲ್ಲ ಮೊದಲು ನೋಡುವುದು ಅದನ್ನೇ. ಅದರ ಕೆಳಗೆ ತಿಂಗಳಿಗೊಮ್ಮೆ, ಅಮಾವಾಸ್ಯೆಯ ಹಿಂದಿನ ದಿನ, "ನಾಳೆ ಬ್ಯಾಕಪ್ ತೆರೆದು ನೋಡಿ" ಎಂದು ಒಂದು ಸಾಲು ಹಾಕಿ. ಎರಡು ಸೆಂಟಿಮೀಟರ್ ಜಾಗ ಸಾಕು.

ದಯವಿಟ್ಟು ಹೆಸರು ಪ್ರಕಟಿಸಬೇಡಿ. ವಿಷಯ ಹೊರಗೆ ಬಿದ್ದರೆ ರೈತರು ಬೇರೆ ಮಂಡಿಗೆ ಹೋಗುತ್ತಾರೆ ಎಂದು ಸಾಹುಕಾರ್ರಿಗೆ ಭಯ. ಈ ಪತ್ರ ಬರೆಯುತ್ತೇನೆ ಎಂದಾಗಲೂ ಬೇಡ ಎಂದರು, ಆಮೇಲೆ ಊರ ಹೆಸರು ಹಾಕಬಹುದು ಎಂದರು. ನಮ್ಮದೇ ಸಾಲಿನ ಇನ್ನೊಂದು ಮಂಡಿಯಲ್ಲಿ ನಮಗಿಂತ ಆರು ತಿಂಗಳು ಮೊದಲೇ ಹೀಗೇ ಆಗಿತ್ತಂತೆ. ಅವರೂ ಯಾರಿಗೂ ಹೇಳಿರಲಿಲ್ಲ.

ಇತಿ,
ಮಂಡಿಯ ಲೆಕ್ಕದಾಕೆ,
ಶಿವಮೊಗ್ಗ